ಕಂಪನಿಯ ಕಗ್ಗಂಟು, ಹೊರಗಿನವರ ಕೈ

ಕಂಪನಿಗಳು ತಮ್ಮ ಲ್ಯಾಬ್‌ನಲ್ಲಿ ಬಗೆಹರಿಯದ ಸಮಸ್ಯೆಗಳನ್ನು ಆನ್‌ಲೈನ್‌ನಲ್ಲಿ ಎಲ್ಲರ ಮುಂದೆ ಇಡುತ್ತವೆ, ಒಪ್ಪಿಗೆಯಾಗುವ ಉತ್ತರ ಕೊಟ್ಟವರಿಗೆ ಬಹುಮಾನ ಕೊಡುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು 22 ವರ್ಷ ಪೇಂಟ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಕೆಲಸ ಬಿಟ್ಟ ಮೇಲೆ ಒಂಬತ್ತು ವರ್ಷಗಳಲ್ಲಿ ಇಂಥ 14 ಸವಾಲುಗಳಿಗೆ ಉತ್ತರ ಬರೆದಿದ್ದೇನೆ. ಬಹುಮಾನ ಬಂದದ್ದು ಎರಡಕ್ಕೆ. ಈ ಅನುಭವದ ಮೇಲೆ, ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ದೊಡ್ಡ ಕಂಪನಿಗಳಲ್ಲಿ ನೂರಾರು ವಿಜ್ಞಾನಿಗಳಿರುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿರುತ್ತವೆ. ಅವರಿಗೇ ಆಗದ್ದು ಎಲ್ಲೋ ಕೂತ ಒಬ್ಬರಿಗೆ ಹೇಗೆ ಆಗುತ್ತದೆ? ನಂಬೋಕೆ ಆಗ್ತಿಲ್ಲ.
— ರಸಾಯನಶಾಸ್ತ್ರ ಎಂಎಸ್ಸಿ ವಿದ್ಯಾರ್ಥಿನಿ

ಮೊದಮೊದಲು ನನಗೂ ನಂಬಿಕೆ ಬಂದಿರಲಿಲ್ಲ. ನನ್ನ ಅನುಮಾನ ಕಳೆದದ್ದು ಟೂತ್‌ಪೇಸ್ಟ್ ಕತೆ ಓದಿದಾಗ.

ಈ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು ಇನ್ನೊಸೆಂಟಿವ್ ಎಂಬ ವೇದಿಕೆ. ಅದು 2001ರಲ್ಲಿ ಅಮೆರಿಕದ ಔಷಧ ಕಂಪನಿ ಎಲಿ ಲಿಲ್ಲಿಯ ಒಳಗಿನಿಂದಲೇ ಹುಟ್ಟಿತು. 2020ರಲ್ಲಿ ಬ್ರಿಟನ್ನಿನ ವಾಜೋಕು ಕಂಪನಿ ಅದನ್ನು ಕೊಂಡುಕೊಂಡಿತು. ಅಲ್ಲಿ ಸಮಸ್ಯೆ ಇಡುವ ಕಂಪನಿಯನ್ನು 'ಸೀಕರ್' ಅನ್ನುತ್ತಾರೆ, ಉತ್ತರ ಕೊಡುವವರನ್ನು 'ಸಾಲ್ವರ್'. ಎಷ್ಟೋ ಸಲ ಸೀಕರ್ ತನ್ನ ಹೆಸರು ಹೇಳುವುದೇ ಇಲ್ಲ. ಸಮಸ್ಯೆ ಮಾತ್ರ ಕಾಣುತ್ತದೆ.

ಕೋಲ್ಗೇಟ್ ಪಾಮೊಲಿವ್ ಕಂಪನಿ ಅಲ್ಲಿ ಒಂದು ಸಮಸ್ಯೆ ಇಟ್ಟಿತ್ತು. ಫ್ಲೋರೈಡ್ ಪುಡಿಯನ್ನು ಟೂತ್‌ಪೇಸ್ಟ್ ಟ್ಯೂಬಿನೊಳಗೆ ತುಂಬಬೇಕು, ಆದರೆ ಪುಡಿ ಸುತ್ತಲಿನ ಗಾಳಿಗೆ ಹಾರಬಾರದು. ಕೆನಡಾದ ಎಡ್ ಮೆಲ್ಕಾರೆಕ್ ಅದನ್ನು ಬಿಡಿಸಿದರು. ಪುಡಿಗೆ ವಿದ್ಯುತ್ ಚಾರ್ಜ್ ಕೊಡಿ, ಟ್ಯೂಬನ್ನು ಅರ್ಥಿಂಗ್ ಮಾಡಿ, ಪುಡಿ ತಾನಾಗಿ ಟ್ಯೂಬಿಗೆ ಹೋಗಿ ಅಂಟಿಕೊಳ್ಳುತ್ತದೆ ಅಂದರು. 25,000 ಡಾಲರ್ ಬಹುಮಾನ ಸಿಕ್ಕಿತು.

ಇದನ್ನು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆ ಗೊತ್ತಾ? ನಮ್ಮ ಪೌಡರ್ ಕೋಟಿಂಗ್ ಶೆಡ್‌ನಲ್ಲಿ ದಿನಾ ನಡೆಯುತ್ತಿದ್ದದ್ದು ಇದೇ ಕೆಲಸ! ಬಣ್ಣದ ಪುಡಿಗೆ ಗನ್ನಿನಲ್ಲಿ ಚಾರ್ಜ್ ಕೊಡುತ್ತೇವೆ, ಕೊಕ್ಕೆಗೆ ನೇತುಹಾಕಿದ ಕಬ್ಬಿಣದ ಭಾಗಕ್ಕೆ ಅರ್ಥಿಂಗ್ ಇರುತ್ತದೆ. ಪುಡಿ ಹಿಂದಿನ ಬದಿಗೂ ಸುತ್ತಿಕೊಂಡು ಹೋಗಿ ಕೂರುತ್ತದೆ. ನಮ್ಮ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗನಿಗೂ ಒಂದು ವಾರದಲ್ಲಿ ಇದು ಗೊತ್ತಾಗುತ್ತಿತ್ತು. ಟೂತ್‌ಪೇಸ್ಟ್ ಮಾಡುವವರು ಪೌಡರ್ ಕೋಟಿಂಗ್ ಶೆಡ್ಡಿಗೆ ಯಾಕೆ ಹೋಗ್ತಾರೆ ಹೇಳಿ. ನಾವೂ ಅವರ ಫ್ಯಾಕ್ಟರಿಗೆ ಹೋಗಲ್ಲ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ಉತ್ತರ ಬೇರೆ ಕಸುಬಿನವರ ಹತ್ತಿರ ಇತ್ತು, ಅಷ್ಟೆ.

ಹಾರ್ವರ್ಡ್‌ನ ಕರೀಂ ಲಖಾನಿ ಮತ್ತು ಜೊತೆಗಾರರು ಈ ವೇದಿಕೆಯ 166 ಸಮಸ್ಯೆಗಳನ್ನು ಅಧ್ಯಯನ ಮಾಡಿದರು. 26 ಕಂಪನಿಗಳು ತಮ್ಮಿಂದ ಆಗದೆ ಹೊರಗೆ ಇಟ್ಟ ಸಮಸ್ಯೆಗಳು ಅವು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಬಗೆಹರಿದಿತ್ತು. ಇನ್ನೊಂದು ವಿಷಯವೂ ಕಂಡಿತು: ಸಮಸ್ಯೆ ತಮ್ಮ ಕ್ಷೇತ್ರದಿಂದ ದೂರದ್ದು ಅಂದವರೇ ಗೆಲ್ಲುವ ಸಾಧ್ಯತೆ ಜಾಸ್ತಿ ಇತ್ತು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳಿ. ಒಳಗಿನ ನೂರು ಜನರೂ ಒಂದೇ ಪಾಠ ಓದಿದವರಾದರೆ ಎಲ್ಲರೂ ಒಂದೇ ಗೋಡೆಗೆ ತಲೆ ತಾಗಿಸಿಕೊಂಡು ನಿಲ್ಲುತ್ತಾರೆ, ಅಲ್ವಾ?

ಪ್ರಶ್ನೆ: ನಾನು ಓದಿದ್ದು ಡಿಪ್ಲೊಮಾ. ಮೆಷಿನ್ ಶಾಪ್‌ನಲ್ಲಿ 15 ವರ್ಷದ ಕೆಲಸ. ಸವಾಲುಗಳ ಪಟ್ಟಿ ನೋಡಿದೆ. ಅರ್ಧ ಪದ ಅರ್ಥವಾಗಲಿಲ್ಲ. ನನ್ನಂಥವರಿಗೆ ಅಲ್ಲಿ ಜಾಗ ಇದೆಯಾ?
— ಟರ್ನರ್, ಫಿಟ್ಟರ್ ಎರಡೂ ಆಗಿರುವವನು

ಇದೆ. ಆದರೆ ಪಟ್ಟಿಯನ್ನು ನೋಡುವ ರೀತಿ ಬದಲಾಗಬೇಕು.

ಒಂದು ನಿಜ ಘಟನೆ ಹೇಳುತ್ತೇನೆ. 1989ರಲ್ಲಿ ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ಎಣ್ಣೆ ಚೆಲ್ಲಿತು. ಅದಾದ ಮೇಲೆ ಎಣ್ಣೆ ಚೆಲ್ಲುವ ಅನಾಹುತಗಳ ಬಗ್ಗೆ ಸಂಶೋಧನೆ ನಡೆಸಲೆಂದೇ ಅಲ್ಲಿ ಒಂದು ಸಂಸ್ಥೆ ಹುಟ್ಟಿತು. ಅವರನ್ನು ಕಾಡಿದ ಸಮಸ್ಯೆ ಇದು: ಆ ಚಳಿಯಲ್ಲಿ ಕಡಲಿನಿಂದ ಬಾಚಿದ ಎಣ್ಣೆ ಮತ್ತು ನೀರು ಸೇರಿ ದೋಣಿಯ ಟ್ಯಾಂಕಿನಲ್ಲಿ ಗಟ್ಟಿಯಾಗುತ್ತದೆ. ಪಂಪ್ ಹಾಕಿದರೆ ಮೇಲೆ ಬರುವುದಿಲ್ಲ. 2007ರಲ್ಲಿ ಅದನ್ನು ಇನ್ನೊಸೆಂಟಿವ್‌ನಲ್ಲಿ ಇಟ್ಟರು. ಉತ್ತರ ಕೊಟ್ಟವರು ಅಮೆರಿಕದ ಇಲಿನಾಯ್ ರಾಜ್ಯದ ಜಾನ್ ಡೇವಿಸ್. ಅವರು ರಸಾಯನಶಾಸ್ತ್ರ ಓದಿದವರು, ಆದರೆ ಎಣ್ಣೆ ಉದ್ಯಮದವರಲ್ಲ. ಹಿಂದೊಮ್ಮೆ ಕಾಂಕ್ರೀಟ್ ಸುರಿಯುವ ಕೆಲಸಕ್ಕೆ ಕೈ ಹಾಕಿದ್ದರು. ಹಸಿ ಕಾಂಕ್ರೀಟಿನೊಳಗೆ ವೈಬ್ರೇಟರ್ ಇಳಿಸಿದರೆ ಗಟ್ಟಿ ಮುದ್ದೆ ನೀರಿನ ಹಾಗೆ ಹರಡಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದರು. ಅದೇ ವೈಬ್ರೇಟರನ್ನು ಎಣ್ಣೆಗೆ ಇಳಿಸಿ ಅಂದರು. 20,000 ಡಾಲರ್ ಬಹುಮಾನ ಬಂತು.

ಇಲ್ಲಿ ಗಮನಿಸಬೇಕಾದ ಮಾತು 'ಕಣ್ಣಾರೆ ನೋಡಿದ್ದು'. 15 ವರ್ಷ ಲೋಹದ ಜೊತೆ ಕೆಲಸ ಮಾಡಿದ ನಿಮ್ಮ ಕೈಗೆ ಗೊತ್ತಿರುವುದು ಎಷ್ಟು! ಕಡಿಯುವಾಗ ಬರುವ ಲೋಹದ ಚಿಪ್ ಯಾವಾಗ ಸುರುಳಿ ಸುತ್ತುತ್ತದೆ, ಟೂಲ್ ಯಾವಾಗ ಕೂಗುತ್ತದೆ, ತೆಳು ಭಾಗವನ್ನು ಹಿಡಿಯುವಾಗ ಅದು ಬಾಗದಂತೆ ಏನು ಮಾಡಬೇಕು. ಇದೆಲ್ಲ ಯಾವ ಕಾಲೇಜಿನ ಪುಸ್ತಕದಲ್ಲೂ ಪೂರ್ತಿ ಸಿಗಲ್ಲ.

ಹಾಗಾಗಿ ಪದಗಳಿಗೆ ಹೆದರಬೇಡಿ. ಒಂದು ಸವಾಲು ತೆಗೆದುಕೊಳ್ಳಿ. ಅದರಲ್ಲಿರುವ ಔಷಧ, ಜೀವಕೋಶ, ಪಾಲಿಮರ್ ಅಂತ ಬರುವ ಹೆಸರುಗಳನ್ನೆಲ್ಲ ಹೊಡೆದುಹಾಕಿ 'ಒಂದು ವಸ್ತು' ಅಂತ ಬರೆಯಿರಿ. ಉಳಿದ ಕ್ರಿಯಾಪದ ನೋಡಿ. ಅಂಟಬಾರದು, ಬಾಗಬಾರದು, ಬೇಗ ಒಣಗಬೇಕು, ಹರಿಯಬೇಕು, ಹಿಡಿದುಕೊಳ್ಳಬೇಕು. ಆ ಕ್ರಿಯಾಪದ ನಿಮ್ಮ ಕಸುಬಿನದಾಗಿದ್ದರೆ ಮುಂದೆ ಓದಿ. ಅಲ್ಲದಿದ್ದರೆ ಪಕ್ಕಕ್ಕಿಡಿ. ನಾನು ಇಪ್ಪತ್ತು ಸವಾಲು ಓದಿದರೆ ಹತ್ತೊಂಬತ್ತನ್ನು ಪಕ್ಕಕ್ಕಿಡುತ್ತೇನೆ.

ಪ್ರಶ್ನೆ: ಒಂದು ಸೈಟ್‌ನವರು ಫೋನ್ ಮಾಡಿ, ಸವಾಲಿನ ವಿವರ ಕಳಿಸಲು ಮುಂಗಡ ನೋಂದಣಿ ಹಣ ಕೇಳಿದರು. ಕಟ್ಟಬೇಕಾ?
— ಹೆಸರು ಬೇಡ

ಬೇಡ, ಖಂಡಿತ ಬೇಡ. ಇಂಥ ವೇದಿಕೆಗಳ ಲೆಕ್ಕವೇ ಬೇರೆ. ಹಣ ಕೊಡುವುದು ಸಮಸ್ಯೆ ಇಟ್ಟ ಕಂಪನಿ. ಸೇರಿಕೊಳ್ಳಲು ಸಾಲ್ವರ್ ಏನೂ ಕೊಡಬೇಕಿಲ್ಲ. ಬಹುಮಾನ ಬಂದಿದೆ, ಬಿಡಿಸಿಕೊಳ್ಳಲು ಮೊದಲು ಇಷ್ಟು ಕಳಿಸಿ ಅಂದರೂ ಅಷ್ಟೇ, ಫೋನ್ ಇಟ್ಟುಬಿಡಿ.

ಪ್ರಶ್ನೆ: ಮೂರು ತಿಂಗಳು ರಾತ್ರಿ ನಿದ್ದೆ ಬಿಟ್ಟು ಒಂದು ಉತ್ತರ ತಯಾರು ಮಾಡಿದೆ. 'ಆಯ್ಕೆಯಾಗಿಲ್ಲ' ಅಂತ ಒಂದು ಸಾಲಿನ ಮೇಲ್ ಬಂತು. ಕಂಪನಿಗೆ ಬಿಟ್ಟಿಯಾಗಿ ಹತ್ತಾರು ಜನರ ಐಡಿಯಾ ಸಿಕ್ಕಿತು. ನಮಗೆ ಏನು ಸಿಕ್ಕಿತು? ಇದು ಶೋಷಣೆ ಅಲ್ವಾ ಮೇಡಂ? ನೀವು ಯಾಕೆ ಇದನ್ನು ಹೊಗಳುತ್ತೀರಿ?
— ನೊಂದ ಸಂಶೋಧಕ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಲಖಾನಿ ಅವರ ಅಧ್ಯಯನದಲ್ಲಿ ಒಂದು ಲೆಕ್ಕ ಇದೆ. ಒಂದು ಸಮಸ್ಯೆಯನ್ನು ಸರಾಸರಿ 240 ಜನ ತೆರೆದು ನೋಡಿದರು. ಉತ್ತರ ಕಳಿಸಿದವರು ಸರಾಸರಿ 10 ಜನ. ಗೆದ್ದವರು ಸುಮಾರು 74 ಗಂಟೆ ಅದಕ್ಕೆ ಕೊಟ್ಟಿದ್ದರು. ಆ ಹತ್ತರಲ್ಲಿ ಒಬ್ಬರು ಗೆದ್ದರೂ ಒಂಬತ್ತು ಜನರ ಗಂಟೆಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಎಷ್ಟೋ ಸಲ ಹತ್ತೂ ಜನ ಸೋಲುತ್ತಾರೆ. ಸಂಬಳದ ಕೆಲಸದಲ್ಲಿ ಸೋತ ಪ್ರಯೋಗಕ್ಕೂ ಸಂಬಳ ಉಂಟು. ಇಲ್ಲಿ ಸೋಲಿನ ಖರ್ಚೆಲ್ಲ ನಮ್ಮದೇ. ಇದನ್ನು ಮುಚ್ಚಿಟ್ಟು ಬರೀ ಗೆದ್ದವರ ಕತೆ ಹೇಳಿದರೆ ತಪ್ಪಾಗುತ್ತದೆ. ಕಳೆದ ಸಂಚಿಕೆಯಲ್ಲಿ ನಾನು ಹಾಗೆ ಮಾಡಿದ್ದೇನೆ. ಕ್ಷಮಿಸಿ.

ಒಂದು ಸಾಲಿನ ಮೇಲ್ ಬಗ್ಗೆಯೂ ನನಗೆ ಬೇಸರ ಇದೆ. ಮೂರು ತಿಂಗಳ ಕೆಲಸಕ್ಕೆ ಎಲ್ಲಿ ಎಡವಿದಿರಿ ಅಂತ ನಾಲ್ಕು ಸಾಲು ಬರೆಯುವುದು ಕಂಪನಿಗೆ ಭಾರವಲ್ಲ. ನಾನು ಪ್ರತಿ ಸಲವೂ ವೇದಿಕೆಯವರಿಗೆ ಬರೆದು ಕಾರಣ ಕೇಳುತ್ತೇನೆ. ಅರ್ಧದಷ್ಟು ಸಲ ಉತ್ತರ ಬಂದಿದೆ. ನೀವೂ ಕೇಳಿ. ಮರ್ಯಾದೆಯಿಂದ ಕೇಳಿ, ಆದರೆ ಬಿಡಬೇಡಿ.

ಬಹುಮಾನ ಕೊಡುವವರು ಸತಾಯಿಸುವುದು ಹೊಸತೂ ಅಲ್ಲ. ಕಡಲಲ್ಲಿ ಹಡಗು ಯಾವ ರೇಖಾಂಶದಲ್ಲಿದೆ ಅಂತ ಕಂಡುಹಿಡಿಯಲು ಬ್ರಿಟನ್ ಸಂಸತ್ತು 1714ರಲ್ಲಿ 20,000 ಪೌಂಡ್ ಬಹುಮಾನ ಇಟ್ಟಿತು. ಖಗೋಳ ಪಂಡಿತರೆಲ್ಲ ಆಕಾಶ ನೋಡುತ್ತಿದ್ದಾಗ, ಬಡಗಿ ಕೆಲಸ ಕಲಿತ ಜಾನ್ ಹ್ಯಾರಿಸನ್ ಅಲುಗಾಡುವ ಹಡಗಿನಲ್ಲೂ ಸರಿಯಾದ ಸಮಯ ತೋರಿಸುವ ಗಡಿಯಾರ ಮಾಡಿದರು. ಕೊನೆಯ ಕಂತಿನ ಹಣ ಕೈಗೆ ಬಂದಾಗ 1773ನೇ ಇಸವಿ. ಅವರಿಗೆ 80 ವರ್ಷ.

ಐಡಿಯಾ ಕದಿಯುತ್ತಾರೆ ಅನ್ನುವ ಭಯದ ಬಗ್ಗೆ ಮಾತ್ರ ನನ್ನ ಅನಿಸಿಕೆ ಬೇರೆ. ಒಳ್ಳೆಯ ವೇದಿಕೆಗಳ ಒಪ್ಪಂದದಲ್ಲಿ, ಬಹುಮಾನ ಕೊಡದ ಉತ್ತರವನ್ನು ಕಂಪನಿ ಬಳಸಬಾರದು ಅನ್ನುವ ಷರತ್ತು ಇರುತ್ತದೆ. ಆಮೇಲೆ ಕಂಪನಿಯ ಕೆಲಸವನ್ನು ತಪಾಸಣೆ ಮಾಡುವ ಹಕ್ಕನ್ನು ಇನ್ನೊಸೆಂಟಿವ್ ಒಪ್ಪಂದದಲ್ಲೇ ಇಟ್ಟುಕೊಂಡಿತ್ತು. ಅಂಥ ಷರತ್ತು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ನಾನು ಒಂದು ಸಾಲೂ ಬರೆಯುವುದಿಲ್ಲ. ಕೆಲವು ಸವಾಲುಗಳು ಬರೀ ಐಡಿಯಾ ಕೇಳುತ್ತವೆ. ಅಲ್ಲಿ ಬಹುಮಾನ ಸಣ್ಣದು, ಬಂದದ್ದನ್ನೆಲ್ಲ ಬಳಸುವ ಹಕ್ಕನ್ನೂ ಕಂಪನಿ ಕೇಳಬಹುದು. ಅದು ನಿಯಮದಲ್ಲೇ ಬರೆದಿರುತ್ತದೆ. ಕಳಿಸುವ ಮೊದಲು ಅದನ್ನು ಓದಿ.

ಈಗ ಮುಖ್ಯ ಮಾತು. ಅದೇ ಅಧ್ಯಯನದಲ್ಲಿ ಗೆದ್ದವರನ್ನು ಕೇಳಿದಾಗ ಹತ್ತರಲ್ಲಿ ಏಳು ಜನ, ತಮ್ಮ ಉತ್ತರ ಪೂರ್ತಿಯಾಗಿಯೋ ಸ್ವಲ್ಪ ಮಟ್ಟಿಗೋ ಮೊದಲೇ ಮಾಡಿಟ್ಟಿದ್ದ ಕೆಲಸದ ಮೇಲೆ ನಿಂತದ್ದು ಅಂದರು. ನಾನು ನನ್ನ 14ನ್ನು ಲೆಕ್ಕ ಹಾಕಿ ನೋಡಿದೆ. ಬಹುಮಾನ ಬಂದ ಎರಡೂ ನನ್ನ ಹಳೆಯ ಕಸುಬಿನಿಂದ ಬಂದವು. ಪೂರ್ತಿ ಹೊಸದಾಗಿ ಓದಿ, ಕಲಿತು ಬರೆದ ಆರು ಉತ್ತರಗಳೂ ಬಿದ್ದವು. ಅದಕ್ಕೇ ಹೇಳೋದು, ಸಮಸ್ಯೆ ನೋಡಿ ಉತ್ತರ ಹುಡುಕಲು ಹೊರಡಬೇಡಿ. ನಿಮ್ಮ ಹತ್ತಿರ ಆಗಲೇ ಇರುವ ಉತ್ತರಕ್ಕೆ ಎಲ್ಲಾದರೂ ಸಮಸ್ಯೆ ಇದೆಯಾ ಅಂತ ನೋಡಿ. ಆಗ ಮೂರು ತಿಂಗಳು ಹೋಗುವುದಿಲ್ಲ, ಮೂರು ವಾರ ಹೋಗಬಹುದು. ಅಷ್ಟನ್ನು ಕಳೆದುಕೊಳ್ಳಲು ಮನಸ್ಸು ಸಿದ್ಧ ಇದ್ದರೆ ಮಾತ್ರ ಕೈ ಹಾಕಿ. ಇದನ್ನು ನಂಬಿ ಕೆಲಸ ಬಿಡಬೇಡಿ, ಸಾಲ ಅಂತೂ ಮಾಡಲೇಬೇಡಿ.

ನಿಮ್ಮ ಆ ಮೂರು ತಿಂಗಳ ಕಡತವನ್ನು ಎಸೆಯಬೇಡಿ. ಒಪ್ಪಂದದ ಪ್ರಕಾರ ಅದು ನಿಮ್ಮದೇ ಆಗಿ ಉಳಿದಿದ್ದರೆ, ಅದರಲ್ಲಿ ಗುಟ್ಟಿನ ವಿವರ ಏನೂ ಇಲ್ಲದಿದ್ದರೆ, ಅದನ್ನು ಪ್ರಬಂಧವಾಗಿ ಬರೆಯಬಹುದು.

ಪ್ರಶ್ನೆ: ನಾನು ಕಂಪನಿಯಲ್ಲಿ ಕೆಲಸದಲ್ಲಿರುವಾಗಲೇ ಇದರಲ್ಲಿ ಭಾಗವಹಿಸಬಹುದಾ? ಗೆದ್ದರೆ ಪೇಟೆಂಟ್ ಯಾರದು?
— ಪ್ರೊಸೆಸ್ ಎಂಜಿನಿಯರ್

ಮೊದಲು ನಿಮ್ಮ ಕೆಲಸದ ಒಪ್ಪಂದ ತೆಗೆದು ಓದಿ. ನೌಕರ ಕಂಡುಹಿಡಿದದ್ದು ಕಂಪನಿಗೆ ಸೇರುತ್ತದೆ ಅನ್ನುವ ಸಾಲು ತುಂಬಾ ಒಪ್ಪಂದಗಳಲ್ಲಿ ಇರುತ್ತದೆ. ನೀವು ಗೆದ್ದರೆ ವೇದಿಕೆಯವರು ನಿಮ್ಮ ಮಾಲೀಕರಿಂದ 'ಇದರ ಮೇಲೆ ನಮ್ಮ ಹಕ್ಕಿಲ್ಲ' ಅಂತ ಸಹಿ ಮಾಡಿದ ಪತ್ರ ಕೇಳಬಹುದು. ಗೆದ್ದ ಮೇಲೆ ಆ ಪತ್ರಕ್ಕೆ ಓಡಾಡುವುದಕ್ಕಿಂತ ಮೊದಲೇ ಬಾಯಿಬಿಟ್ಟು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಬಹುಮಾನದ ಹಣ ಕೈಗೆ ಬಂದಾಗ ಆ ಉತ್ತರದ ಹಕ್ಕು ಸೀಕರ್ ಕಂಪನಿಗೆ ಹೋಗುತ್ತದೆ. ಪೇಟೆಂಟಿನ ಲಾಭವೂ ಅವರದೇ. ಉತ್ತರ ಬಹುಮಾನಕ್ಕಿಂತ ಜಾಸ್ತಿ ಬೆಲೆ ಬಾಳುತ್ತದೆ ಅಂತ ನಿಮಗೆ ಅನ್ನಿಸಿದರೆ ಕಳಿಸಬೇಡಿ, ನೀವೇ ಪೇಟೆಂಟ್ ಮಾಡಿಸಿ.

ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವುದು ಬೇರೆ, ನಿಮ್ಮ ಕಂಪನಿಯ ಗುಟ್ಟು ಬೇರೆ. ಪುಡಿಗೆ ಚಾರ್ಜ್ ಕೊಟ್ಟರೆ ಅಂಟುತ್ತದೆ ಅನ್ನುವುದು ಪಠ್ಯಪುಸ್ತಕದ ವಿಷಯ. ನಮ್ಮ ಲ್ಯಾಬ್‌ನ ಬಣ್ಣದ ಪಾಕ ನಮ್ಮ ಲ್ಯಾಬ್‌ನದು. ಕೆಲಸ ಬಿಟ್ಟು ಒಂಬತ್ತು ವರ್ಷ ಆದರೂ ಅದನ್ನು ನಾನು ಎಲ್ಲೂ ಬರೆದಿಲ್ಲ.

ಪ್ರಶ್ನೆ: ಒಬ್ಬರೇ ಮಾಡೋದಾ, ಗುಂಪು ಕಟ್ಟೋದಾ?
— ಇಬ್ಬರು ಗೆಳೆಯರು

ಅದು ಸವಾಲಿನ ಮೇಲೆ ಹೋಗುತ್ತದೆ. ಕ್ಯಾಗಲ್‌ನಂಥ ಡೇಟಾ ಸ್ಪರ್ಧೆಗಳಲ್ಲಿ ಗುಂಪಿಗೆ ಬಲ ಜಾಸ್ತಿ. ನೆಟ್‌ಫ್ಲಿಕ್ಸ್ 2006ರಲ್ಲಿ, ತನ್ನ ಸಿನಿಮಾ ಶಿಫಾರಸಿನ ಲೆಕ್ಕಾಚಾರವನ್ನು ಶೇ. 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಅಂತ ಘೋಷಿಸಿತು. ಬೇರೆ ಬೇರೆ ತಂಡಗಳು ಸೋತು ಸೋತು ಕೊನೆಗೆ ಒಂದಾದವು. 2009ರಲ್ಲಿ ಎರಡು ಕೂಡು ತಂಡಗಳು ಸಮ ಸಮ ಬಂದವು. 20 ನಿಮಿಷ ಮೊದಲು ಕಳಿಸಿದವರಿಗೆ ಬಹುಮಾನ ಹೋಯಿತು. ಆ ಗೆದ್ದ ಲೆಕ್ಕಾಚಾರವನ್ನು ನೆಟ್‌ಫ್ಲಿಕ್ಸ್ ಪೂರ್ತಿಯಾಗಿ ಬಳಸಲೇ ಇಲ್ಲ. ಸಿಗುವ ಲಾಭಕ್ಕಿಂತ ಅಳವಡಿಸುವ ಶ್ರಮ ಜಾಸ್ತಿ ಅಂದಿತು. ಇದನ್ನು ಓದಿದಾಗೆಲ್ಲ ಆ 20 ನಿಮಿಷ ತಡವಾದವರ ನೆನಪಾಗಿ ಸಂಕಟವಾಗುತ್ತದೆ.

ಗುಂಪು ಕಟ್ಟಿದರೆ ಹಣ ಹೇಗೆ ಹಂಚಬೇಕು ಅಂತ ಮೊದಲ ದಿನವೇ ಬರೆದು ಇಬ್ಬರೂ ಸಹಿ ಹಾಕಿ. ಗೆಳೆತನ ಉಳಿಯುತ್ತದೆ.

ಪ್ರಶ್ನೆ: ಉತ್ತರವನ್ನು ಬರೆಯುವುದು ಹೇಗೆ? ಎಷ್ಟು ಪುಟ? ನಿಮ್ಮದೇ ಒಂದು ಉದಾಹರಣೆ ಕೊಡ್ತೀರಾ?
— ಕಾಲೇಜು ಉಪನ್ಯಾಸಕಿ

ಕೊಡುತ್ತೇನೆ, ಸೋತದ್ದನ್ನೂ ಸೇರಿಸಿ.

ಬಣ್ಣದ ಕಸುಬಿನಲ್ಲಿ ಒಂದು ಹಳೆಯ ತಲೆನೋವು ಇದೆ. ಚೂಪಾದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಒದ್ದೆ ಬಣ್ಣವನ್ನು ಅದರ ಮೇಲ್ಮೈ ಎಳೆತವೇ ಅಂಚಿನಿಂದ ಹಿಂದಕ್ಕೆ ಎಳೆಯುತ್ತದೆ. ಒಣಗಿದಾಗ ಅಂಚಿನ ಮೇಲೆ ತೆಳ್ಳನೆ ಪದರ ಉಳಿಯುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಒಂದು ದಿನ ಪಟ್ಟಿಯಲ್ಲಿ ಒಂದು ಸವಾಲು ಕಂಡಿತು. ಸಣ್ಣ ಭಾಗವೊಂದನ್ನು ದ್ರವದಲ್ಲಿ ಅದ್ದಿ ತೆಗೆದರೆ ಅಂಚುಗಳಲ್ಲಿ ಪದರ ಸಾಲುತ್ತಿಲ್ಲ ಅಂತ. ನನಗೆ ಖುಷಿಯೋ ಖುಷಿ. ಇದು ನಮ್ಮದೇ ತಲೆನೋವಲ್ವಾ! ಅತಿ ನುಣುಪಾದ ಸಿಲಿಕಾ ಪುಡಿ ಸ್ವಲ್ಪ ಬೆರೆಸಿದರೆ ದ್ರವ ಅಲುಗಾಡಿಸಿದಾಗ ಹರಿಯುತ್ತದೆ, ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಮೂರು ರಾತ್ರಿ ಕೂತು 11 ಪುಟ ಬರೆದು ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು: 'ನಾಲ್ಕನೇ ಷರತ್ತು ಪೂರೈಸಿಲ್ಲ.' ತೆರೆದು ನೋಡಿದೆ. ದ್ರವದಲ್ಲಿ ಯಾವುದೇ ಘನ ಕಣ ಇರಬಾರದು ಅಂತ ಮೂರನೇ ಪುಟದಲ್ಲಿ ಸ್ಪಷ್ಟವಾಗಿ ಇತ್ತು. ಖುಷಿಯಲ್ಲಿ ಆ ಪುಟವನ್ನು ಹಾರಿಸಿ ಓದಿದ್ದೆ.

ಒಂದು ವರ್ಷದ ಮೇಲೆ ಅಂಥದ್ದೇ ಇನ್ನೊಂದು ಬಂತು. ತೂತು ಹೊಡೆದ ತೆಳು ತಗಡು, ತೂತಿನ ಅಂಚಿನಲ್ಲಿ ಪದರ ನಿಲ್ಲುತ್ತಿಲ್ಲ. ಈ ಸಲ ಕಂಪ್ಯೂಟರ್ ಮುಚ್ಚಿಟ್ಟು, ನೋಟ್‌ಬುಕ್ಕಿನ ಎಡಗಡೆ ಅವರ ಷರತ್ತುಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದೆ. ಒಟ್ಟು ಏಳು. ಬಲಗಡೆ ನನ್ನ ಉತ್ತರ. ಆರು ತುಂಬಿದವು. ಒಂದು ಖಾಲಿ ಉಳಿಯಿತು: ಎರಡು ನಿಮಿಷದೊಳಗೆ ಒಣಗಬೇಕು. ಆ ಒಂದು ಖಾಲಿ ಸಾಲಿಗೆ ಹತ್ತು ದಿನ ಹಿಡಿಯಿತು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹಳೆಯ ಶೇವಿಂಗ್ ಬ್ಲೇಡ್‌ಗಳ ಅಂಚಿಗೆ ಹಚ್ಚಿ ಹಚ್ಚಿ ನೋಡಿದೆ. ಒಂದೇ ದಪ್ಪ ಪದರದ ಬದಲು, ಬೇಗ ಆರುವ ದ್ರಾವಕದಲ್ಲಿ ಎರಡು ತೆಳು ಪದರ ಹಚ್ಚಿದರೆ ಮೇಲ್ಮೈ ಎಳೆತಕ್ಕೆ ಹಿಂದಕ್ಕೆ ಎಳೆಯಲು ಸಮಯ ಸಿಗುವ ಮೊದಲೇ ಪದರ ಅಂಚಿನಲ್ಲಿ ಗಟ್ಟಿಯಾಗುತ್ತದೆ. ಭೂತಗನ್ನಡಿ ಹಿಡಿದು ಆರು ಬ್ಲೇಡುಗಳ ಫೋಟೊ ತೆಗೆದೆ. ನಾಲ್ಕು ಸರಿ ಬಂದವು, ಎರಡು ಸರಿ ಬರಲಿಲ್ಲ. ಆರನ್ನೂ ಹಾಕಿದೆ. ಸರಿ ಬರದ ಎರಡು ಯಾಕೆ ಹಾಗಾದವು ಅಂತಲೂ ಬರೆದೆ. ಒಟ್ಟು ಐದು ಪುಟ. ನನಗೆ ಬಂದ ಮೊದಲ ಬಹುಮಾನ ಅದು. ಆ ಎರಡು ಕೆಟ್ಟ ಫೋಟೊಗಳು ತಮಗೆ ಹೆಚ್ಚು ಉಪಯೋಗವಾದವು ಅಂತ ಪರಿಶೀಲಕರು ಬರೆದಿದ್ದರು.

ಹಾಗಾಗಿ ಪುಟದ ಲೆಕ್ಕ ಬಿಡಿ. ಮೊದಲ ಪುಟದಲ್ಲಿ ಅವರ ಷರತ್ತುಗಳನ್ನು ಅವರದೇ ಕ್ರಮದಲ್ಲಿ, ಅವರದೇ ಸಂಖ್ಯೆ ಹಾಕಿ ಬರೆಯಿರಿ. ಪ್ರತಿಯೊಂದರ ಎದುರಿಗೆ ನಿಮ್ಮ ಉತ್ತರ ಒಂದೇ ಸಾಲಿನಲ್ಲಿ ಇರಲಿ. ಪರಿಶೀಲಿಸುವವರು ಮೊದಲು ನೋಡುವುದು ಅದನ್ನೇ. ನೀವು ಬರೆದ ನಂತರ ನಿಮ್ಮ ವಿಷಯವೇ ಗೊತ್ತಿಲ್ಲದ ಒಬ್ಬರಿಗೆ ಆ ಪುಟ ಕೊಟ್ಟು ಓದಿಸಿ. ಯಾವ ಷರತ್ತಿನ ಎದುರಿಗೆ ಅವರು ಮತ್ತೆ ಮತ್ತೆ ಓದುತ್ತಾರೋ, ಕಳಿಸುವ ಮೊದಲು ಅಲ್ಲಿಗೆ ಹಿಂತಿರುಗಿ ಕೂರಿ.